ಎರಡನೆಯ ಏಟು

ನಮ್ಮ ಶಹಾಬಾದಿನ ರಾಕ್ ಗಾಯಕ ಮುಬೀನ ಸತ್ತು ಒಂಬತ್ತು ವರ್ಷ. ಖಣಿಯಲ್ಲಿ ಫರಸಿ ಕಲ್ಲು ಬಡಿಯುತ್ತಲೇ ಅವನು ತಾಳ ಕಲಿತವನು. ಅದಕ್ಕೇ ಅಭಿಮಾನಿಗಳಾದ ನಾವು ಪ್ರತಿ ಮೇ ತಿಂಗಳು ಆ ಖಣಿಯಲ್ಲಿ ಸೇರಿ, ಅವನು ಬಡಿಯುತ್ತಿದ್ದ ಫರಸಿಗೆ ತಲಾ ಒಂದು ಸುತ್ತಿಗೆ ಏಟು ಹಾಕುತ್ತೇವೆ. ಒಬ್ಬರಿಗೆ ಒಂದೇ.

ಈ ಸಲ ಹಠ ಹಿಡಿದು ಯೂನುಸನನ್ನು ಕರೆಸಿದವಳು ನಾನು. ಮುಬೀನನ ಜೊತೆ ಡ್ರಮ್ಸ್ ಬಾರಿಸುತ್ತಿದ್ದವನು. ಮುಬೀನ ಸತ್ತ ಮೇಲೆ ಅವನ ಹಾಡುಗಳನ್ನೆಲ್ಲ ತನ್ನ ಹೆಸರಿಗೆ ಮಾಡಿಕೊಂಡ ಕಳ್ಳ.

ನಮ್ಮೆಲ್ಲರ ಏಟಿಗೂ ಕಲ್ಲು ಖಣ್ ಎಂದಿತು. ಯೂನುಸ್ ಬಡಿದಾಗ ಸದ್ದೇ ಬರಲಿಲ್ಲ. ಮುಟ್ಟಿ ನೋಡಿದೆ. ಆ ಉರಿಬಿಸಿಲಲ್ಲೂ ಫರಸಿ ಮಂಜುಗಡ್ಡೆಯಷ್ಟು ತಣ್ಣಗಿತ್ತು.

"ಹಾಡು ನಂದಲ್ಲ ಅಂತ ಎಲ್ಲರ ಮುಂದ ಹೇಳು," ಎಂದೆ. ಅವನ ಬಾಯಿ ಆಡಿತು, ದನಿ ಹೊರಡಲಿಲ್ಲ. ನಾನು ಮತ್ತೆ ಸುತ್ತಿಗೆ ಎತ್ತಿಕೊಂಡೆ.

ಖಣಿಯ ಮುದುಕ ಹಾಜಿಸಾಬ ಕಲ್ಲು ಸವರಿದ. "ಎಲ್ಲೂ ಬಿರುಕಿಲ್ಲ ಬೇಟಿ. ಸಾಕಿನ್ನ, ಸುತ್ತಿಗಿ ಇಡು."

ನನಗೆ ಸಾಕಾಗಿರಲಿಲ್ಲ. ಯೂನುಸನ ಮುಖ ನೋಡುತ್ತಾ, ಖುಷಿಯಿಂದ ಇನ್ನೊಂದು ಏಟು ಹಾಕಿದೆ.

ಖಣ್ ಎಂದಿತಂತೆ. ನನಗೆ ಕೇಳಲಿಲ್ಲ.

ಯೂನುಸನ ದನಿ ಇನ್ನೂ ಮರಳಿಲ್ಲ. ನನ್ನ ಕಿವಿ ಚೆನ್ನಾಗಿದೆ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಯಾರ ಹಾಡು ಹಚ್ಚಿದರೂ ಕೇಳುತ್ತದೆ, ಮುಬೀನನದೊಂದನ್ನು ಬಿಟ್ಟು.