ಬೇರುಗಿವಿ

ಮೊಣಕಾಲೆತ್ತರ ಬೆಳೆದ ತೊಗರಿಯ ಸಾಲಿನ ನಡುವೆ ನೀಲಾಂಬಿಕಾ ಅಷ್ಟಗಿ ಸಲಾಕೆಯನ್ನು ನೆಲಕ್ಕೆ ಒತ್ತಿದಳು. ಶ್ರಾವಣದ ಮಳೆ ಕುಡಿದಿದ್ದ ಕರಿಮಣ್ಣು ಸುಲಭವಾಗಿ ಬಿಟ್ಟುಕೊಟ್ಟಿತು. ಹಿಡಿಯ ತುದಿಯ ಪುಟ್ಟ ದೀಪ ಮೊದಲು ಹಳದಿಯಾಯಿತು, ಆಮೇಲೆ ಕೆಂಪಾಯಿತು. ಕಿತ್ತು ಮುಂದಿನ ಸಾಲಿನಲ್ಲಿ ಊರಿದಳು. ಅಲ್ಲೂ ಕೆಂಪು. ಹೊಲದ ಆಚೆ ತುದಿಗೆ ನಡೆದು ಅಲ್ಲಿಯೂ ಊರಿದಳು. ಅಲ್ಲಿಯೂ ಅದೇ.

"ಏನಂತದ್ರೀ ನಿಮ್ಮ ಕೋಲು?" ಬದುವಿನ ಮೇಲೆ ನಿಂತಿದ್ದ ಭೀಮಬಾಯಿ ಕೇಳಿದಳು. ಚಿಂಚೋಳಿ ಸೀಮೆಯಲ್ಲಿ ತೊಗರಿ ಬೆಳೆಯುವುದರಲ್ಲಿ ಅವಳನ್ನು ಮೀರಿಸಿದವರು ಇರಲಿಲ್ಲ. ಸುತ್ತಲ ಊರುಗಳ ಹೆಂಗಸರು ಸೇರಿ ನಡೆಸುತ್ತಿದ್ದ ಬೇಳೆ ಗಿರಣಿಗೆ ಅವಳೇ ಯಜಮಾನಿ.

"ನೆಟೆ ರೋಗ ಬಂದದ. ಬೇರಿನೊಳಗ ಹೊಕ್ಕದ."

"ಗಿಡ ಹ್ಯಾಂಗ ನಿಂತಾವ ನೋಡ್ರಿ. ಒಂದ್ ಎಲಿ ಬಾಡಿಲ್ಲ."

"ಈಗ ಬಾಡಂಗಿಲ್ಲ. ಹೂವಿಗಿ ಬಂದಾಗ ಒಮ್ಮಿಗೇ ಒಣಗ್ತಾವ."

ಭೀಮಬಾಯಿ ಹೊಲವನ್ನೊಮ್ಮೆ, ಸಲಾಕೆಯನ್ನೊಮ್ಮೆ ನೋಡಿದಳು. "ಮತ್ತ ನಾ ಏನ್ ಮಾಡ್ಬೇಕು?"

"ಕಿತ್ತು ಹಿಂಗಾರಿ ಜೋಳ ಹಾಕ್ಬಹುದು."

"ಜೋಳ ಒಡದು ಬ್ಯಾಳಿ ಮಾಡ್ಲೇನು? ನಮ್ಮ ಗಿರಣಿ ಏನ್ ತಿನ್ಬೇಕು? ಮುಂದಿನ ವರ್ಷರೆ ತೊಗರಿ ಬರ್ತದೇನು?"

ನೀಲಾಂಬಿಕಾ ಕಣ್ಣು ತಪ್ಪಿಸಿ ಸಲಾಕೆಯ ಮಣ್ಣು ಕೊಡವಿದಳು. ಈ ಬೂಷ್ಟು ಒಮ್ಮೆ ಮಣ್ಣಿಗಿಳಿದರೆ ವರ್ಷಗಟ್ಟಲೆ ಅಲ್ಲೇ ಕಾದು ಕೂರುತ್ತದೆ. ಎಳೆಯ ಬೇರಿನ ಮೂಲಕ ಒಳಹೊಕ್ಕು, ಗಿಡ ನೀರು ಸೇದುವ ನಾಳಗಳನ್ನು ಮುಚ್ಚಿಬಿಡುತ್ತದೆ. ಕಾಲ ಬುಡದಲ್ಲಿ ನೀರಿದ್ದೂ ಗಿಡ ಬಾಯಾರಿ ಸಾಯುತ್ತದೆ. ಅಲ್ಲಿಯವರೆಗೆ ಬಂದಿದ್ದ ರೋಗನಿರೋಧಕ ತಳಿಗಳೆಲ್ಲ ಈ ಹೊಸ ಬೂಷ್ಟಿನ ಮುಂದೆ ಸೋತಿದ್ದವು.

"ಛಲೋ ಆತು ಬಿಡ್ರಿ," ಎಂದಳು ಭೀಮಬಾಯಿ. "ಸಾಯೋದು ಯಾವಾಗಂತ ಹೇಳ್ಲಾಕ ಅಷ್ಟ್ ದೂರದಿಂದ ಬಂದೀರಿ. ಚಾ ಕುಡದು ಹೋಗ್ರಿ."

ನೀಲಾಂಬಿಕಾ ಸಲಾಕೆಯನ್ನು ಹೊಲದಲ್ಲೇ ಊರಿಟ್ಟು, ಚಹಾ ಕುಡಿಯದೆ ಹೊರಟಳು.

ಬೇರುಗಿವಿ ಎಂದು ಜನ ಕರೆಯುತ್ತಿದ್ದ ಆ ಸಲಾಕೆ ಅವಳದೇ ಶೋಧ. ಅದರೊಳಗೆ ಇದ್ದದ್ದು ಒಂದು ಜೀವಂತ ಎಳೆ, ಕಾಡುತೊಗರಿಯ ಬೇರಿನಿಂದ ಪ್ರಯೋಗಾಲಯದಲ್ಲಿ ಬೆಳೆಸಿದ್ದು. ಗುಡ್ಡದ ಕಲ್ಲುಪೊದೆಗಳಲ್ಲಿ ಹಬ್ಬುವ ಕಾಡುತೊಗರಿಗೆ ಈ ಬೂಷ್ಟಿನ ಗುರುತು ಇದೆ. ಬೂಷ್ಟು ಬಳಿ ಬಂದ ಕೂಡಲೇ ಅದರ ಬೇರು ಎಚ್ಚರಗೊಂಡು ಬಾಗಿಲು ಹಾಕಿಕೊಳ್ಳುತ್ತದೆ. ಆ ಎಚ್ಚರದ ಕ್ಷಣದಲ್ಲಿ ಹುಟ್ಟುವ ಕೂದಲೆಳೆಯಷ್ಟು ವಿದ್ಯುತ್ತನ್ನು ಹಿಡಿದು ದೀಪವಾಗಿ ತೋರಿಸುವುದಷ್ಟೇ ಬೇರುಗಿವಿಯ ಕೆಲಸ. ಎಳೆಯ ಆಯುಸ್ಸು ಒಂದು ಹಂಗಾಮು. ಪ್ರತಿ ವರ್ಷ ಹೊಸದು ಬೆಳೆಸಬೇಕು.

ಅಂದರೆ, ಕೇಳಿಸಿಕೊಳ್ಳಬಲ್ಲ ಗಿಡವೇ ಕಾದಾಡಬಲ್ಲ ಗಿಡವೂ ಆಗಿತ್ತು. ನೀಲಾಂಬಿಕಾ ಮತ್ತು ಅವಳ ಹಿರಿಯ ಸಹೋದ್ಯೋಗಿ ಮೌಲಾಲಿ ಇನಾಮದಾರ ಸೇರಿ ದ್ವಿದಳ ತಳಿ ಮಂಡಳಿಗೆ ಸಲ್ಲಿಸಿದ್ದ ಯೋಜನೆಯಲ್ಲಿ ಎರಡು ಭಾಗಗಳಿದ್ದವು. ಒಂದು ಸಲಾಕೆ. ಇನ್ನೊಂದು ಕಾಡುತೊಗರಿಯನ್ನು ಊರತೊಗರಿಯೊಂದಿಗೆ ಸಂಕರ ಮಾಡಿ, ಆ ರೋಗಶಕ್ತಿಯನ್ನು ಹೊಲದ ಬೀಜಕ್ಕೆ ಇಳಿಸುವುದು. ದೇಶದ ದಕ್ಷಿಣದ ಬೇಳೆಕಾಳುಗಳ ತಳಿವಿಜ್ಞಾನಿಗಳೆಲ್ಲ ಆ ಮಂಡಳಿಯ ಸದಸ್ಯರು. ಯಾವ ಸಂಶೋಧನೆ ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸುವುದು ಅದರ ಕಾರ್ಯಕಾರಿ ಸಮಿತಿ. ಸಮಿತಿ ಯೋಜನೆಯನ್ನು ನಡುವೆ ಸೀಳಿತು. ಸಲಾಕೆಗೆ ಧಾರಾಳ ಹಣ. ಸಂಕರಕ್ಕೆ "ಆದ್ಯತೆ ಸಾಲದು" ಎಂಬ ಷರಾ. ಇಬ್ಬರೂ ಸಾಲು ಸಾಲಾಗಿ ಮೇಲ್ಮನವಿ ಬರೆದರು. ಉತ್ತರವೇ ಬರಲಿಲ್ಲ. ಮೌಲಾಲಿ ತಮ್ಮ ಪ್ರಯೋಗಾಲಯವಿದ್ದ ಕಲಬುರಗಿ ಸಂಶೋಧನಾ ಕೇಂದ್ರದ ಹಿತ್ತಲಿನ ತುಂಡುನೆಲದಲ್ಲಿ ಕಾಡುಬಳ್ಳಿಗಳನ್ನು ತಾವೇ ನೀರು ಹಾಕಿ ಉಳಿಸಿಕೊಂಡರು. ಎಳೆಗಳಿಗೆ ಬೇಕಾದ ಬೇರು ಬರುತ್ತಿದ್ದದ್ದು ಅಲ್ಲಿಂದಲೇ.

ಭಾದ್ರಪದದ ಒಂದು ಬೆಳಗ್ಗೆ ಭೀಮಬಾಯಿ ಪ್ರಯೋಗಾಲಯಕ್ಕೆ ಬಂದಳು. ಹೊಲದಲ್ಲಿ ಊರಿದ್ದ ಸಲಾಕೆಯನ್ನು ಮಣ್ಣು ಸಮೇತ ಕಿತ್ತು ತಂದಿದ್ದಳು. ಅದನ್ನು ಬಿಳಿ ಮೇಜಿನ ಮೇಲೆ ಎಸೆದು, ಫೋನನ್ನು ನೀಲಾಂಬಿಕಾಳ ಮುಖಕ್ಕೆ ಹಿಡಿದಳು.

ಬೆಳೆವಿಮೆ ಕಂಪನಿಯ ಸಂದೇಶ. ರೋಗವಿರುವುದು ಮೊದಲೇ ತಿಳಿದುಬಂದಿರುವ ಹೊಲಕ್ಕೆ ವಿಮೆ ಅನ್ವಯಿಸುವುದಿಲ್ಲವೆಂದು ವಿನಯದಿಂದ ತಿಳಿಸಿದ್ದರು.

"ನನ್ನ ಹೊಲದಾಗ ಕೆಂಪ ಹತ್ತಿದ್ದು ಅವ್ರಿಗಿ ಯಾರ್ ಹೇಳಿದ್ರು?" ಭೀಮಬಾಯಿ ಕೇಳಿದಳು. "ಮೂರು ಮಂದಿ ಇದ್ವಿ ಅಲ್ಲಿ. ನಾನು, ನೀವು, ನಿಮ್ಮ ಕೋಲು."

ಊರಿದ ಸಲಾಕೆಗಳ ಮಾಹಿತಿ ತಾನಾಗಿಯೇ ಹೋಗುತ್ತಿತ್ತು, ಆದರೆ ಮಂಡಳಿಗೆ ಮಾತ್ರ. ನೀಲಾಂಬಿಕಾ ಆಗಲೇ ಮಂಡಳಿಗೆ ಫೋನು ಹಚ್ಚಿದಳು. ಆ ಕಡೆಯ ಗುಮಾಸ್ತ ಏನೂ ಮುಚ್ಚಿಡಲಿಲ್ಲ, ಮುಚ್ಚಿಡುವಂಥದ್ದು ಎಂದು ಅವನಿಗೆ ಅನ್ನಿಸಿರಲೂ ಇಲ್ಲ. ವಿಮೆ ಕಂಪನಿ ಮಂಡಳಿಯ ಹೊಸ ಪಾಲುದಾರ. ಬೇಳೆ ವ್ಯಾಪಾರಿಗಳ ಒಂದು ಒಕ್ಕೂಟವೂ ಪಾಲುದಾರ. ಜಿಲ್ಲೆಯಲ್ಲಿ ಊರಿದ್ದ ಸಲಾಕೆಗಳಲ್ಲಿ ಮುಕ್ಕಾಲು ಕೆಂಪೆಂದು ರೈತರಿಗಿಂತ ಮೊದಲೇ ಅವರಿಗೆ ತಿಳಿದಿತ್ತು. ಬೆಲೆ ಏರುವ ಮೊದಲೇ ವ್ಯಾಪಾರಿಗಳು ತೊಗರಿಯ ಹಳೆಯ ದಾಸ್ತಾನನ್ನೆಲ್ಲ ಕೊಂಡು ಗೋದಾಮಿಗೆ ತುಂಬಿಯಾಗಿತ್ತು.

"ಎಲ್ಲಾರಿಗೂ ಉಪಯೋಗಕ್ಕ ಬಂತು ಬಿಡ್ರಿ ನಿಮ್ಮ ಕಿವಿ," ಎಂದಳು ಭೀಮಬಾಯಿ. "ನಮ್ಮನ್ನೊಬ್ರನ್ನ ಬಿಟ್ಟು."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮೌಲಾಲಿ ತಲೆ ತಗ್ಗಿಸಿದರು. ನೀಲಾಂಬಿಕಾ ಮೇಜಿನ ಮೇಲಿನ ಮಣ್ಣನ್ನು ಒರೆಸಲಿಲ್ಲ.

ಅದೇ ತಿಂಗಳ ಕೊನೆಗೆ ಮಂಡಳಿಯ ಮಹಾಸಭೆ. ಮುಂದಿನ ಹತ್ತು ವರ್ಷಗಳ ಸಂಶೋಧನಾ ಆದ್ಯತೆಗಳನ್ನು ಗೊತ್ತುಮಾಡುವ ಸಭೆ ಅದು. ಅಧ್ಯಕ್ಷ ಡಾ. ರಘುವೀರ ಕೊಡಂಚ ಬೇರುಗಿವಿಯನ್ನು ಬಾಯ್ತುಂಬ ಹೊಗಳಿದರು. ಪ್ರತಿ ಹೊಲಕ್ಕೊಂದು ಸಲಾಕೆ, ಅವೆಲ್ಲವನ್ನೂ ಹೆಣೆಯುವ ಜಾಲ, ಅದೇ ಮೊದಲ ಆದ್ಯತೆ ಎಂದರು. ಕಲಬುರಗಿ ಕೇಂದ್ರದ ಹಿತ್ತಲಲ್ಲಿ ಸಲಾಕೆ ಜೋಡಿಸುವ ಕಟ್ಟಡ ಏಳಲಿದೆ ಎಂದೂ ಸೇರಿಸಿದರು. ಚಪ್ಪಾಳೆಯಾಯಿತು. ನೀಲಾಂಬಿಕಾಳನ್ನು ವೇದಿಕೆಗೆ ಕರೆದರು.

"ಹಿತ್ತಲು ಅಂದ್ರೆ ಯಾವ ಜಾಗ ಸರ್?" ಅವಳು ಮೈಕಿನಲ್ಲೇ ಕೇಳಿದಳು.

"ಅಲ್ಲಿ ಏನೋ ಕಾಡುಬಳ್ಳಿ ಹಬ್ಬಿದೆಯಂತಲ್ಲ, ಆ ಜಾಗ."

ಸಭೆಯಲ್ಲಿ ಯಾರೋ ನಕ್ಕರು. ನೀಲಾಂಬಿಕಾ ನಗು ನಿಲ್ಲುವವರೆಗೆ ಕಾದಳು.

"ಆ ಕಾಡುಬಳ್ಳಿನೇ ನಿಮ್ಮ ಕಿವಿ. ಅದನ್ನ ಕಡಿದ್ರೆ ಮುಂದಿನ ಮಳೆಗಾಲಕ್ಕೆ ನಿಮ್ಮ ಕೈಯಲ್ಲಿ ಉಳಿಯೋದು ಬರೀ ಕಬ್ಬಿಣದ ಕೋಲು. ನಾನು ಮತ್ತು ಇನಾಮದಾರ ಅವರು ಎರಡು ಕೆಲಸಕ್ಕೆ ಹಣ ಕೇಳಿದ್ವಿ. ರೋಗ ಹಿಡಿದಿದೆ ಅಂತ ಹೇಳೋದಕ್ಕೆ ಕೊಟ್ರಿ. ರೋಗ ತಡೆಯೋದಕ್ಕೆ ಕೊಡಲಿಲ್ಲ. ಈಗ ಆ ಸುದ್ದಿನೂ ಮಾರಿಕೊಂಡಿದ್ದೀರಿ."

"ತಳಿ ಅಭಿವೃದ್ಧಿ ನಿಧಾನದ ಕೆಲಸ, ಡಾಕ್ಟರ್," ಕೊಡಂಚ ನಗುಮುಖದಲ್ಲೇ ಹೇಳಿದರು. "ಹಣ ಕೊಟ್ಟವರು ಮೂರು ವರ್ಷಕ್ಕೆ ಫಲಿತಾಂಶ ಕೇಳ್ತಾರೆ. ನಾವೇನು ತೋರಿಸೋಣ? ಮೊಳಕೆನಾ?"

"ಹೌದು, ಮೊಳಕೆ! ಬೇಳೆ ಬೇರೆ ಎಲ್ಲಿಂದ ಬರುತ್ತೆ ಅಂದುಕೊಂಡಿದ್ದೀರಿ?" ಅವಳ ದನಿ ಸಭಾಂಗಣದ ಗೋಡೆಗೆ ಬಡಿಯಿತು. ಆಮೇಲೆ ಅವಳ ಊರಿನ ಮಾತೇ ಬಾಯಿಗೆ ಬಂತು. "ಕೇಳ್ರಿ. ಗಿಡಕ್ಕ ರೊಕ್ಕ ಇಲ್ಲಂದ್ರ ಕಿವಿಗೂ ಗಿಡ ಇಲ್ಲ. ಬರೋ ವರ್ಷಕ್ಕ ಒಂದ್ ಎಳಿನೂ ನಾ ಬೆಳಸಂಗಿಲ್ಲ."

"ಅದು ಮಂಡಳಿಯ ಆಸ್ತಿ."

"ಹಕ್ಕುಪತ್ರ ನಿಮ್ಮದು. ಬೆಳೆಸೋ ಕೈ ನಂದು. ತಗೊಂಡು ಹೋಗಿ ನೀವೇ ಬೆಳಸ್ರಿ, ನೋಡೋಣು."

ಹಿಂದಿನ ಸಾಲಿನಲ್ಲಿ ಅಲಸಂದೆ ತಳಿಗಾರ್ತಿಯೊಬ್ಬಳು ಎದ್ದು ನಿಂತಳು. ತನ್ನ ಕಾಳಿನ ಕೆಲಸವನ್ನೂ ಹೀಗೇ ಮೂಲೆಗಿಟ್ಟಿದ್ದಾರೆ ಎಂದಳು. ಹುರುಳಿಯವರೊಬ್ಬರು ಎದ್ದರು. ಆಮೇಲೆ ಕಡಲೆಯವರು. ವರ್ಷಗಳಿಂದ ಬಾಯಿ ಮುಚ್ಚಿಕೊಂಡು ಚಪ್ಪಾಳೆ ತಟ್ಟುತ್ತಿದ್ದ ಜನ ಆವತ್ತು ಆದ್ಯತಾಪಟ್ಟಿಗೆ ಕೈ ಎತ್ತಲು ಒಪ್ಪಲಿಲ್ಲ. ಕೊಡಂಚರ ನಗು ಮಾಯವಾಯಿತು. ಸಂಜೆಯೊಳಗೆ ಎರಡು ನಿರ್ಣಯಗಳಾದವು. ಹೊಲದ ಮಾಹಿತಿ ಹೊಲದವರಿಗೆ ಮಾತ್ರ. ತೊಗರಿ ಸಂಕರಕ್ಕೆ ಹಣ ಮಂಜೂರು, ಅದಕ್ಕಾಗಿ ಹಿತ್ತಲಿನ ಬಳ್ಳಿಗಳೂ ಉಳಿಯಬೇಕು.

ಗೆದ್ದೆ ಎಂದು ನೀಲಾಂಬಿಕಾಳಿಗೆ ಅನ್ನಿಸಿದ್ದು ನಿಜ. ಹಣ ಕಾರ್ತೀಕದಲ್ಲಿ ಬರಬೇಕಿತ್ತು, ತೊಗರಿ ಹೂವಿಗೆ ಬರುವ ಕಾಲ ಅದು. ಹೂವಿಲ್ಲದೆ ಸಂಕರವಿಲ್ಲ. ಕಾರ್ತೀಕದಲ್ಲಿ ಕಡತ ಒಂದು ಮೇಜಿನ ಮೇಲಿತ್ತು. ಹೊಲಗಳು ಹೂವಿನ ಸಮೇತ ಒಣಗಿ ನಿಂತಾಗ ಇನ್ನೊಂದು ಮೇಜಿಗೆ ಹೋಯಿತು. ಪೇಟೆಯಲ್ಲಿ ಬೇಳೆಯ ಬೆಲೆ ಏರಿ, ಭೀಮಬಾಯಿಯ ಗಿರಣಿಗೆ ಬೀಗ ಬಿದ್ದಾಗ ಮೂರನೆಯ ಮೇಜು. ಕೊನೆಗೆ ಮಾರ್ಚಿಯಲ್ಲಿ ಆದೇಶ ಬಂತು. ತಿಂಗಳ ಕೊನೆಯೊಳಗೆ ಖರ್ಚು ಮಾಡಬೇಕು, ಇಲ್ಲವಾದರೆ ಹಣ ವಾಪಸು.

ಮೌಲಾಲಿ ಅದನ್ನು ಓದಿ ನಕ್ಕರು. ನಗುತ್ತ ನಗುತ್ತ ಅವರ ಕಣ್ಣು ಕೆಂಪಾಯಿತು. "ತೊಗರಿಗಿ ಮಾರ್ಚಿ ಅಂದ್ರೇನಂತ ಗೊತ್ತಿಲ್ಲ ನೋಡವ್ವಾ," ಎಂದರು. "ಬಾ ಇಲ್ಲಿ."

ಹಿತ್ತಲಿನ ತಗಡಿನ ಕೊಟ್ಟಿಗೆಯಲ್ಲಿ ಕಪ್ಪು ಬಟ್ಟೆ ಹೊದಿಸಿದ ಊರತೊಗರಿ, ಕಾಡುತೊಗರಿ ಕುಂಡಗಳಿದ್ದವು. ಹಗಲು ಚಿಕ್ಕದಾದರೆ ತೊಗರಿ ಹೂ ಬಿಡುತ್ತದೆ. ಮೌಲಾಲಿ ದಿನಾ ಬೇಗನೆ ಬಟ್ಟೆ ಎಳೆದು ಗಿಡಗಳಿಗೆ ಚಳಿಗಾಲವೆಂದು ನಂಬಿಸಿದ್ದರು. ಬಟ್ಟೆ ಸರಿಸಿದಾಗ ಹಳದಿ ಮೊಗ್ಗುಗಳು ಕಂಡವು. ಬೆರಳೆಣಿಕೆಯ ಗಿಡಗಳು, ಇಡೀ ಜಿಲ್ಲೆಗೆ ಅಷ್ಟೇ. ಇಬ್ಬರೂ ಚಿಮಟ ಹಿಡಿದು ಕೂತರು. ಅರಳದ ಮೊಗ್ಗನ್ನು ಬಿಡಿಸಿ, ಅದರ ಸ್ವಂತ ಕೇಸರಗಳನ್ನು ಕಿತ್ತು, ಕಾಡುಹೂವಿನ ಪರಾಗವನ್ನು ಸವರಿ, ದಾರ ಕಟ್ಟಬೇಕು. ಹತ್ತು ಮೊಗ್ಗಿಗೆ ಒಂದು ಕಾಯಿ ಕಚ್ಚಿದರೆ ಪುಣ್ಯ.

ಮಧ್ಯಾಹ್ನ ಭೀಮಬಾಯಿ ಬಂದಳು. ಒಣಗಿದ ತೊಗರಿಯನ್ನು ಉರುವಲಿಗೆ ಕಡಿದು ಹೊಲ ಬಯಲು ಮಾಡಿದ್ದಳು. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು.

"ಈ ಬೀಜ ನನ್ನ ಹೊಲಕ್ಕ ಯಾವಾಗ ಬರ್ತದ?"

"ಎಲ್ಲಾ ಸರಿ ಹೋದ್ರ ಎಂಟು ಮಳಿಗಾಲ," ನೀಲಾಂಬಿಕಾ ಹೇಳಿದಳು. ಈ ಬಾರಿ ಕಣ್ಣು ತಪ್ಪಿಸಲಿಲ್ಲ.

"ಮತ್ತ ಮೊದಲೇ ಯಾಕ ಶುರು ಮಾಡ್ಲಿಲ್ಲ? ಯಾರಿಗೂ ಹೊಳೀಲಿಲ್ಲೇನು?"

"ಹೊಳದಿತ್ತವ್ವ," ಮೌಲಾಲಿ ಮೊಗ್ಗಿನಿಂದ ತಲೆ ಎತ್ತದೆ ಹೇಳಿದರು. "ಈ ಬಳ್ಳಿ ಗುಡ್ಡದಿಂದ ತಂದವ್ರು ನಮ್ಮ ಗುರುಗಳು. ಎರಡ್ ಸಾವಿರದ ಇಪ್ಪತ್ತಾರನೇ ಇಸ್ವಿಯಾಗ ಅವ್ರು ಇದಕ್ಕಂತೇ ರೊಕ್ಕ ಕೇಳಿದ್ರು. ಆಗ ನಾ ಅವ್ರ ಕೈ ಕೆಳಗ ಕಲೀಲಾಕತ್ತಿದ್ದೆ."

"ಏನಂದ್ರು ಅವ್ರಿಗಿ?"

"ಈಗೇನ್ ಅವಸರ ಅದ, ಅಂದ್ರು."

ಭೀಮಬಾಯಿ ಯಾರನ್ನೋ ಬೈಯಲೆಂದು ಬಾಯಿ ತೆರೆದಳು. ಬೈಯಬೇಕಾದವರು ಅಲ್ಲಿ ಒಬ್ಬರೂ ಇರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತು ಕೈ ಚಾಚಿದಳು.

"ಆ ಚಿಮಟ ಕೊಡ್ರಿ ಇಲ್ಲಿ. ಹ್ಯಾಂಗ ಮಾಡೋದು, ತೋರಸ್ರಿ."