ಬೆನ್ನ ಹಿಂದಿನ ಹೆಜ್ಜೆ

"ಮುಟ್ಟಬ್ಯಾಡ್ರಿ ನನ್ನ ಕಾಲು!"

ಚಿಂಚೋಳಿಯ ಚರ್ಮ ತಪಾಸಣಾ ಶಿಬಿರದಲ್ಲಿ ಎಲ್ಲರೂ ತಿರುಗಿ ನೋಡಿದರು. ಡಾಕ್ಟರ್ ರಮೇಶಕುಮಾರನ ಕೈ ಗಾಳಿಯಲ್ಲೇ ನಿಂತಿತು.

"ಯಾಕ್ರಿ?"

"ನಮ್ಮ ಕೇರಿ ಹೆಸರು ಕೇಳಿದ ಮ್ಯಾಲ ಗ್ಲೌಸ್ ಹಾಕ್ಕೊಂಡ್ರಿ. ನಾ ನೋಡೀನಿ!"

ಐನಾಪುರದ ಲುಂಬಿನಿಯ ಕಣ್ಣುಗಳು ಕೆಂಡವಾಗಿದ್ದವು. ಅವ್ವ ಯಂಕಮ್ಮನ ಬಲ ಅಂಗಾಲಿನಲ್ಲಿ ಒಂದು ಕಪ್ಪು ಮಚ್ಚೆ ಇತ್ತು. ಮಂತ್ರಿಸಿದ ನಿಂಬೆಹಣ್ಣು ತುಳಿದಿದ್ದಾಳೆ ಎಂದಿತು ಊರು. ಮುಟ್ಟಿ ನೋಡಿದವರು ಒಬ್ಬರೂ ಇಲ್ಲ. ಅವ್ವ ಕುಂಟುತ್ತ ಕುಂಟುತ್ತಲೇ ಸತ್ತಳು.

ಈಗ ತನಗೂ ಅದೇ ಮಚ್ಚೆ, ಅದೇ ಕಾಲು, ಅದೇ ಜಾಗ... ಮಟಮಟ ಮಧ್ಯಾಹ್ನ ತೊಗರಿ ಹೊಲದಲ್ಲಿ ನಡೆದರೆ ಬೆನ್ನ ಹಿಂದೆ ಕುಂಟುವ ಹೆಜ್ಜೆ. ತಿರುಗಿದರೆ ಯಾರೂ ಇಲ್ಲ!

ರಮೇಶಕುಮಾರ ಗ್ಲೌಸ್ ಕಳಚಿದ.

"ಮುಂಜಾನಿಂದ ಒಬ್ಬೊಬ್ರಿಗೂ ಹೊಸಾದು ಹಾಕ್ಕೊಂಡೇ ನೋಡ್ಲಿಕತ್ತೀನ್ರಿ. ನಿಮಗ ಹಂಗ ಕಂಡದ, ತಪ್ಪು ನಿಮ್ಮದಲ್ಲ... ಕಾಲು ಕೊಡ್ರಿ."

ನೆಲಕ್ಕೆ ಕುಳಿತು ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡ.

"ಕೊಯ್ತೀರೇನು?"

"ಇಲ್ರಿ. ಬರೇ ಬೆಳಕು, ಲೆನ್ಸು."

ತಣ್ಣನೆಯ ಜೆಲ್ ತಾಗಿತು. ಲೆನ್ಸಿಗೆ ಜೋಡಿಸಿದ ಪರದೆಯ ಮೇಲೆ ಮಚ್ಚೆ ಅರಳಿತು... ಕಣ್ಣಿನ ಹಾಗೆ! ಅವ್ವನ ಕಣ್ಣು. ಅವಳನ್ನೇ ನೋಡುತ್ತಿತ್ತು.

"ಅಂಗಾಲಿನ ಗೆರಿ ನಿಮ್ಮ ಹೊಲ ಇದ್ದಂಗ. ಕಪ್ಪು ತಗ್ಗಿನ ಸಾಲಿನ್ಯಾಗ ನಿಂತಿದ್ರ ಅಷ್ಟು ಅಂಜಿಕಿ ಇಲ್ಲ..."

"ಇದು ಬೋದಿನ ಮ್ಯಾಲ ಏರ್ಯದ," ಎಂದಳು ಲುಂಬಿನಿ ಮೆಲ್ಲಗೆ. ಕಳೆ ಕಿತ್ತ ಕೈಗೆ ತಗ್ಗಿನ ಸಾಲು, ಎತ್ತರದ ಬೋದು ಹೇಳಿಕೊಡಬೇಕೆ?

"ಹೌದ್ರಿ. ಮೆಲನೋಮಾ ಇರಬಹುದು. ಚರ್ಮದ ಕ್ಯಾನ್ಸರ್. ಚೂರು ತೆಗೆದು ಪರೀಕ್ಷಾ ಮಾಡ್ಸೋಣು."

ಪರೀಕ್ಷೆಯೂ ಅದನ್ನೇ ಹೇಳಿತು. ಆದರೆ ರೋಗ ಆಳಕ್ಕೆ ಇಳಿದಿರಲಿಲ್ಲ! ಕಲಬುರಗಿಯಲ್ಲಿ ಮಚ್ಚೆಯನ್ನು ಪೂರ್ತಿ ಕತ್ತರಿಸಿ ತೆಗೆದರು.

"ನಾ ಬದುಕೀನಿ. ನಮ್ಮ ಕೇರ್ಯಾಗ ಉಳಿದವ್ರ ಕಾಲು ಯಾರು ನೋಡಬೇಕ್ರಿ?" ಎಂದು ರಮೇಶಕುಮಾರನೊಡನೆ ಜಗಳ ತೆಗೆದಳು. ವರ್ಷವಿಡೀ ಭಾನುವಾರಗಳಂದು ಅವನು ಕೇರಿಯ ಕಟ್ಟೆಯ ಮೇಲೆ ಕುಳಿತು ಒಂದೊಂದೇ ಅಂಗಾಲು ಹಿಡಿದು ನೋಡಿದ.

ಕೊನೆಯ ಭಾನುವಾರ. ಉರಿಬಿಸಿಲು. ತೊಗರಿ ಹೊಲದ ದಾರಿಯಲ್ಲಿ ಅವರಿಬ್ಬರೇ.

"ಇನ್ನ ಬರಂಗಿಲ್ಲೇನ್ರಿ?"

"ಕಾಲು ನೋಡೋದು ಮುಗೀತು. ನೀವು ಜಗಳ ಮಾಡ್ತೀನಂದ್ರ... ಜಲ್ಮಪೂರ್ತಿ ಬರ್ತೀನಿ."

ಅವಳು ಥಟ್ಟನೆ ನಿಂತಳು. ಬೆನ್ನ ಹಿಂದೆ... ಕುಂಟುವ ಹೆಜ್ಜೆ.

"ನಿಮಗ ಕೇಳಸ್ತದೇನ್ರಿ?"

ಅವನ ಮುಖ ಬಿಳಿಚಿತು. "ಹೂಂ... ಯಾರ್ರಿ ಅದು?"

ಲುಂಬಿನಿ ಮೊದಲ ಸಲ ಅವನ ಕೈ ಹಿಡಿದಳು.

"ಅಂಜಬ್ಯಾಡ್ರಿ. ನಮ್ಮವ್ವ. ಅಳಿಯನ್ನ ನೋಡಾಕ ಬಂದಾಳ."