ಬೀಗದವನ ಭಾರ

ಎಂಜಿನ್ ನಿಂತಿತು.

ನಿಂತದ್ದು ಎಲ್ಲಿ ಅಂತೀರಿ? ರೈಲು ಹಳಿಯ ಮೇಲೆ!

ಮಟಮಟ ಮಧ್ಯಾಹ್ನ. ಹಿಂದಿನ ಗೇಟು ಇಳಿಯುತ್ತಿತ್ತು. ಮುಂದಿನದೂ ಇಳಿಯುತ್ತಿತ್ತು. ಎಲ್ಲೋ ದೂರದಲ್ಲಿ ರೈಲು ಕೂಗಿತು... ಅಷ್ಟೇನೂ ದೂರವಲ್ಲ ಅಂತ ಆಮೇಲೆ ಗೊತ್ತಾಯಿತು.

ನಾನು ಬಾಗಿಲಿಗೆ ಕೈ ಹಾಕಿದೆ. ಸ್ಟೀರಿಂಗ್ ಹಿಡಿದಿದ್ದ ಹೆಂಗಸು ಅಲ್ಲಾಡಲಿಲ್ಲ.

"ಬಂದ್ರು," ಅಂದಳು.

"ರೈಲಾ?"

"ನಮ್ಮನೆಯವರು."

ಅವಳ ಗಂಡ ತೀರಿಕೊಂಡು ವರ್ಷವಾಗಿತ್ತು.

ನನ್ನ ಕುತ್ತಿಗೆಯ ಮೇಲೆ ಯಾರೋ ಉಸಿರು ಬಿಟ್ಟ ಹಾಗಾಯಿತು. ತಿರುಗಿ ನೋಡಲಿಲ್ಲ. ಹೆದರಿಕೆ ಅಲ್ಲ ಸ್ವಾಮಿ... ಕುತ್ತಿಗೆ ನೋವಿತ್ತು, ಅಷ್ಟೇ!

"ಸಾಕು ರೀ ನಿಮ್ಮ ತಮಾಷೆ!" ಅವಳು ಖಾಲಿ ಹಿಂದಿನ ಸೀಟಿಗೆ ಗದರಿದಳು. ಕೀ ತಿರುಗಿಸಿದಳು.

ಸ್ಟಾರ್ಟ್!

ಇಳಿಯುತ್ತಿದ್ದ ಕಂಬ ಕಾರಿನ ತಲೆ ಕೆರೆಯಿತು. ದಾಟಿದೆವು. ಬೆನ್ನ ಹಿಂದೆ ಗೂಡ್ಸ್ ರೈಲು ಗಡಗಡ ನುಗ್ಗಿತು.

ನನ್ನ ಕಸುಬು ಹೇಳಿಬಿಡುತ್ತೇನೆ. ಬೇರೆಯವರು ಕೈಬಿಟ್ಟ ಗಾಡಿಗಳು ನನ್ನ ಪಾಲಿಗೆ ಬರುತ್ತವೆ. ಜನ ಗಾಡಿ ಮಂತ್ರವಾದಿ ಅಂತಾರೆ.

ಇದು ಮೂರು ಲಕ್ಷ ಕಿಲೋಮೀಟರ್ ಓಡಿದ ಮುದಿ ಕಾರು. ಡಯಾಲಿಸಿಸ್ ರೋಗಿಗಳನ್ನು ಇದರಲ್ಲಿ ಆಸ್ಪತ್ರೆಗೆ ಬಿಟ್ಟು ಅವಳು ಹೊಟ್ಟೆ ಹೊರೆಯುತ್ತಿದ್ದಳು. ಅದು ಹೇಳದೆ ಕೇಳದೆ ನಡುದಾರಿಯಲ್ಲಿ ನಿಲ್ಲುತ್ತಿತ್ತು. ಮೆಕ್ಯಾನಿಕ್‌ಗಳು ಪೆಟ್ರೋಲ್ ಪಂಪ್ ಬದಲಿಸಿದರು. ಸೆನ್ಸರ್ ಬದಲಿಸಿದರು. ಕೊನೆಗೆ ತಮ್ಮ ಫೋನ್ ನಂಬರನ್ನೇ ಬದಲಿಸಿದರು!

ವಿಚಿತ್ರ ಏನು ಗೊತ್ತಾ? ಅವರ ಕೈಯಲ್ಲಿ ಕಾರು ಒಮ್ಮೆಯೂ ನಿಂತಿರಲಿಲ್ಲ. ನನ್ನ ಕೈಯಲ್ಲೂ ಇಲ್ಲ. ಅವಳು ಕೂತರೆ ಮಾತ್ರ...

ಅದಕ್ಕೇ ಇವತ್ತು ಅವಳಿಗೇ ಓಡಿಸಲು ಹೇಳಿ ಪಕ್ಕದಲ್ಲಿ ಕೂತಿದ್ದೆ.

ಗೇಟಿನ ಆಚೆ ಟೋಯಿಂಗ್ ಲಾರಿಯೊಂದು ಹಾರ್ನ್ ಬಡಿಯುತ್ತಿತ್ತು. ಅವಳ ಮೈದುನ. ಗುಜರಿ ಅಂಗಡಿ ಇಟ್ಟವನು. ಬೆಳಗ್ಗೆ ನನ್ನೆದುರೇ ಷರತ್ತು ಹಾಕಿದ್ದ.

"ಅತ್ತಿಗೆ, ಇದ್ರಲ್ಲಿ ಅಣ್ಣ ಇದಾನೆ. ನೀವು ಓಡ್ಸೋದು ಅವನಿಗೆ ಇಷ್ಟ ಇಲ್ಲ. ಇವತ್ತು ಆಸ್ಪತ್ರೆ ಗೇಟು ಮುಟ್ಟಿದ್ರೆ ಗಾಡಿ ನಿಮ್ದು. ದಾರೀಲಿ ಕೆಟ್ಟು ನಿಂತಾಗ ನಾನು ಕೊಕ್ಕೆ ಹಾಕಿದ್ರೆ... ನಂದು!"

ಅವಳು ಹೂಂ ಅಂದುಬಿಟ್ಟಿದ್ದಳು.

ರೈಲು ಮುಗಿಯುವಷ್ಟು ಸಮಯ ನಮ್ಮದು.

"ಪಕ್ಕಕ್ಕೆ ಹಾಕಿ ತಾಯಿ. ನಿಂತಾಗ ಡ್ಯಾಶ್‌ಬೋರ್ಡಲ್ಲಿ ಕೆಂಪು ದೀಪ ಹತ್ತಿತ್ತಾ?"

"ಏನೂ ಹತ್ಲಿಲ್ಲ. ಎಲ್ಲಾ ಕತ್ತಲೆ. ಫ್ಯಾನೂ ನಿಂತೋಯ್ತು. ಅವರು ಬಂದಾಗ ಹಂಗೇ."

ಪೆಟ್ರೋಲ್ ಸಿಗದೆ ಸಾಯುವ ಎಂಜಿನ್ ಕೆಂಪು ದೀಪ ಹತ್ತಿಸಿ ಬೊಬ್ಬೆ ಹೊಡೆಯುತ್ತದೆ. ಇದು ಸದ್ದಿಲ್ಲದೆ ಸತ್ತಿದೆ. ಅಂದರೆ ಯಾರೋ ಕರೆಂಟನ್ನೇ ಬುಡದಲ್ಲಿ ಕಡಿಯುತ್ತಿದ್ದಾರೆ.

ಯಾರು?

ಬಗ್ಗಿ ನೋಡಿದೆ. ಕಾರಿನ ಕೀ ಕೆಳಗೆ ಬೀಗದ ಕೈಗಳ ಗೊಂಚಲು ನೇತಾಡುತ್ತಿತ್ತು. ಹಿತ್ತಾಳೆ, ಕಬ್ಬಿಣ, ತುಕ್ಕು... ಮುಷ್ಟಿಗೆ ಹಿಡಿಸದಷ್ಟು!

"ಇದೇನಮ್ಮಾ?"

"ಅವರ್ದು. ಬೀಗ ರಿಪೇರಿ ಮಾಡ್ತಿದ್ರಲ್ಲ, ಯಾವಾಗ್ಲೂ ಸೊಂಟದಲ್ಲಿ ಇರ್ತಿತ್ತು. ಹೋದ್ಮೇಲೆ ನಾನೇ ಕಾರಿನ ಕೀಗೆ ಪೋಣಿಸ್ದೆ. ಜೊತೇಲಿ ಇದ್ದಂಗಿರುತ್ತೆ."

"ಮತ್ತೆ ಮೆಕ್ಯಾನಿಕ್‌ಗಳಿಗೆ?"

"ಸ್ಪೇರ್ ಕೀ ಕೊಡ್ತಿದ್ದೆ. ಇದನ್ನ ಕಂಡಕಂಡೋರ ಕೈಗೆ ಕೊಡ್ತೀನಾ?"

ನನಗೂ ಕೊಟ್ಟದ್ದು ಸ್ಪೇರ್ ಕೀ! ಕಂಡಕಂಡೋರಲ್ಲಿ ನಾನೂ ಒಬ್ಬ.

ಕೀ ತಿರುಗಿ ತಿರುಗಿ ಒಳಗಿನ ಸ್ವಿಚ್ ಸವೆದುಹೋಗಿದೆ. ಅದಕ್ಕೆ ಜೋತುಬಿದ್ದಿದೆ ಒಂದು ಸಂಸಾರದ ಭಾರ. ಹಳಿ, ಗುಂಡಿ, ಹಂಪ್ ಬಂದರೆ ಗೊಂಚಲು ಜಗ್ಗುತ್ತದೆ. ಒಳಗೆ ಸ್ವಿಚ್ಚಿನ ಕಚ್ಚು ಬಿಟ್ಟು ಕರೆಂಟ್ ಹೋಗುತ್ತದೆ. ಕಥೆ ಮುಗಿಯಿತು!

"ಬಿಚ್ಚಿ ಇದನ್ನ."

"ಸ್ಪೇರ್ ಕೀ ಮನೇಲಿದೆ. ಇದನ್ನ ಬಿಚ್ಚಲ್ಲ, ಬೇಕಾದ್ರೆ ನನ್ನ ಕೈ ಕಡ್ಕೊಂಡು ಹೋಗಿ."

ಗೇಟು ಎದ್ದಿತು. ಲಾರಿ ನುಗ್ಗಿ ಬಂತು!

"ಹೊಡೀರಿ!"

ಆಸ್ಪತ್ರೆ ರಸ್ತೆ. ಉದ್ದಕ್ಕೂ ಹಂಪ್‌ಗಳು. ಲಾರಿ ನಮ್ಮ ಬಾಲಕ್ಕೆ ಅಂಟಿತ್ತು. ಕನ್ನಡಿಯಲ್ಲಿ ಕೊಕ್ಕೆ ತೂಗಾಡುತ್ತಿತ್ತು.

ಮೊದಲ ಹಂಪ್. ಧಡ್!

ದೀಪ ಆರಿತು... ಹತ್ತಿತು... ಎಂಜಿನ್ ಕೆಮ್ಮಿತು.

"ಬಂದ್ರು!" ಅಂದಳು.

ನಾನು ಅವಳ ಕಡೆ ಅಡ್ಡ ಬಾಗಿ ಗೊಂಚಲನ್ನು ಅಂಗೈಯಲ್ಲಿ ಎತ್ತಿ ಹಿಡಿದೆ. ಆ ಸುಡುಬಿಸಿಲಲ್ಲೂ ಅದು ತಣ್ಣಗೆ ಕೊರೆಯುತ್ತಿತ್ತು. ಯಾರದೋ ಕೈ ಹಿಡಿದ ಹಾಗೆ... ಆ ಕೈಯೂ ನನ್ನದನ್ನು ಹಿಡಿದ ಹಾಗೆ.

"ನಿಮ್ಮನೆಯವರನ್ನ ನಾನು ಹಿಡ್ಕೊಂಡಿದೀನಿ! ನೀವು ಹೊಡೀರಿ!"

ಧಡ್! ನಿಲ್ಲಲಿಲ್ಲ.

ಲಾರಿ ಹಿಂದಿನಿಂದ ಗುದ್ದಿತು. ಇನ್ನೊಂದು ಹಂಪ್... ಧಡ್! ನನ್ನ ಹಲ್ಲು ಅಲ್ಲಾಡಿತು. ಎಂಜಿನ್ ಅಲ್ಲಾಡಲಿಲ್ಲ!

ಆಸ್ಪತ್ರೆ ಗೇಟಿನೊಳಗೆ ನುಗ್ಗಿ ನಿಂತೆವು. ಮೈದುನ ಲಾರಿಯಿಂದ ಹಾರಿ ಬಂದ.

"ಹೆಂಗೋ ಬಂತು ಇದು? ಅಣ್ಣ ಇರ್ಲಿಲ್ವಾ?"

"ಇದ್ದ ಕಣಪ್ಪ. ಸ್ವಲ್ಪ ಭಾರ ಇದ್ದ. ಎತ್ಕೊಂಡು ಬಂದೆ."

ಅವನ ಮುಖವನ್ನು ಅವನದೇ ಅಂಗಡಿಯಲ್ಲಿ ತೂಕಕ್ಕೆ ಹಾಕಬಹುದಿತ್ತು.

ಸಂಜೆ ಹೊಸ ಸ್ವಿಚ್ ಹಾಕಿದೆ. ಅವಳು ಕೊನೆಗೂ ಗೊಂಚಲು ಬಿಚ್ಚಿದಳು. ಮಡಿಲಲ್ಲಿ ಇಟ್ಟುಕೊಂಡಳು. ಅದೇ ಹಂಪ್‌ಗಳ ಮೇಲೆ ಹೋಗಿ ಬಂದೆವು. ಕಾರು ಬೆಣ್ಣೆಯ ಹಾಗೆ ಓಡಿತು. ಪ್ರತಿ ಹಂಪ್ ದಾಟಿದಾಗಲೂ ಅವಳು ಹಿಂದಿನ ಸೀಟು ನೋಡುತ್ತಿದ್ದಳು.

ಕೊನೆಗೆ ಬ್ರೇಕ್ ಒತ್ತಿದಳು.

"ಹಂಗಾದ್ರೆ... ಅವರು ಬಂದೇ ಇರ್ಲಿಲ್ವಾ?"

ಪೊಲೀಸರಿಗೆ ಸುಳ್ಳು ಹೇಳಿದ್ದೇನೆ. ರೌಡಿಗಳಿಗೂ ಹೇಳಿದ್ದೇನೆ. ಇವಳಿಗೆ ಆಗಲಿಲ್ಲ.

"ಸ್ವಿಚ್ ಸವೆದಿತ್ತು ತಾಯಿ."

"ನಿಂತಾಗಲೆಲ್ಲ ಮಾತಾಡ್ತಿದ್ನಲ್ಲ... ಬೈತಿದ್ದೆ... ಬೈದ್ರೆ ಸ್ಟಾರ್ಟ್ ಆಗ್ತಿತ್ತಲ್ಲ!"



ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಹಳೇ ಸ್ವಿಚ್ ಎಸೆದ್ಬಿಟ್ರಾ? ವಾಪಸ್ ಹಾಕಿ. ಭಾನುವಾರ ಮಾತ್ರ... ಯಾರೂ ಓಡಾಡದ ರಸ್ತೇಲಿ..."

ಗಾಡಿ ನಿಲ್ಲಬಾರದು ಅಂತ ನನ್ನ ಕಾಲಿಗೆ ಬಿದ್ದವರಿಗೆ ಲೆಕ್ಕವಿಲ್ಲ ಸ್ವಾಮಿ. ನಿಲ್ಲಲಿ ಅಂತ ಅತ್ತವಳು ಅವಳೊಬ್ಬಳೇ!